ಥಂಡಿಗೆ ಮುಂಚೆ ಫ್ಲೂ ಸೂಜಿ: ಕಲಬುರಗಿಯಲ್ಲಿ ಎಲ್ಲಿ ಹಾಕಿಸಬೇಕು, ಏನು ನೋಡಿ ಹಾಕಿಸಬೇಕು

ಕಲಬುರಗಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳಲು ನಾಲ್ಕು ದಾರಿಗಳಿವೆ. ಮಕ್ಕಳ ಡಾಕ್ಟರ ಕ್ಲಿನಿಕ್ಕು, ದೊಡ್ಡ ಖಾಸಗಿ ದವಾಖಾನೆಯ ಲಸಿಕೆ ಕೋಣೆ, ಮೆಡಿಕಲ್‌ನಿಂದ ಕೊಂಡು ತಂದು ಓಣಿಯ ಕಂಪೌಂಡರ್ ಕೈಲಿ ಚುಚ್ಚಿಸಿಕೊಳ್ಳುವುದು, ಮತ್ತೆ ಈಗೀಗ ಬಂದಿರುವ ಮನೆಗೇ ಬಂದು ಹಾಕುವ ಸೇವೆ. ನಾಲ್ಕರಲ್ಲೂ ಸಿರಿಂಜು ಅವೇ ಕಂಪನಿಗಳದು, ಒಳಗಿರುವುದು ಅದೇ ಅರ್ಧ ಎಂ.ಎಲ್. ದ್ರವ, ಬೆಲೆಯಲ್ಲೂ ಭಾರಿ ಫರಕಿಲ್ಲ. ಫರಕು ಇರುವುದು ಒಂದೇ ಕಡೆ: ಕಂಪನಿಯ ಗೋದಾಮಿನಿಂದ ನಿಮ್ಮ ತೋಳಿನವರೆಗೆ ಆ ಸಿರಿಂಜು 2ರಿಂದ 8 ಡಿಗ್ರಿಯೊಳಗೆ ಉಳಿಯಿತೋ ಇಲ್ಲವೋ ಎನ್ನುವುದರಲ್ಲಿ. ಬೇಸಿಗೆಯಲ್ಲಿ 42–44 ಡಿಗ್ರಿ ಮುಟ್ಟುವ, ಅಕ್ಟೋಬರ್ ಮಧ್ಯಾಹ್ನವೂ 30 ದಾಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ನಾಲ್ಕರಲ್ಲಿ ಮೊದಲ ಜಾಗ ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ. ಹಾಕಿಸಿಕೊಳ್ಳುವವರು ಎಪ್ಪತ್ತರ ಅಜ್ಜನಾದರೂ ಸರಿ. ದಿನಾ ಮಕ್ಕಳಿಗೆ ಲಸಿಕೆ ಹಾಕುವ ಕಡೆ ಫ್ರಿಜ್ಜು ಲಸಿಕೆಗೆಂದೇ ಇರುತ್ತದೆ, ಇನ್ವರ್ಟರ್ ಲೈನು ಅದಕ್ಕೂ ಹೋಗಿರುತ್ತದೆ, ಮಾಲು ವಾರಗಟ್ಟಲೆ ಮೂಲೆಯಲ್ಲಿ ಕೂರುವುದಿಲ್ಲ. ಕೆಲವು ಕ್ಲಿನಿಕ್ಕಿನವರು ‘ದೊಡ್ಡವರಿಗೆ ನಾವ್ ಹಾಕಲ್ರಿ’ ಅನ್ನುತ್ತಾರೆ. ಹಲವರು ಮೊಮ್ಮಗುವಿನ ಜೊತೆ ಬಂದ ಅಜ್ಜ-ಅಜ್ಜಿಗೂ ಹಾಕಿ ಕಳಿಸುತ್ತಾರೆ, ಏಕೆಂದರೆ ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕುವಂತಿಲ್ಲ. ಅದಕ್ಕೆ ಸುತ್ತಲಿನ ದೊಡ್ಡವರೇ ಗೋಡೆ. ಹಿಂದಿನ ದಿನ ಫೋನ್ ಮಾಡಿ ಎರಡು ಮಾತು ಕೇಳಿ: ದೊಡ್ಡವರಿಗೆ ಹಾಕುತ್ತೀರಾ, ಈ ವರ್ಷದ ಮಾಲು ಬಂದಿದೆಯಾ.

ಫ್ರಿಜ್ಜಿನ ಬಾಗಿಲು ತೆರೆದಾಗ ಒಮ್ಮೆ ಕಣ್ಣು ಹಾಯಿಸಿದರೆ ಆ ಜಾಗದ ಬಗ್ಗೆ ಬೇಕಾದಷ್ಟು ತಿಳಿಯುತ್ತದೆ. ನಡುವಿನ ಹಲಗೆಯ ಮೇಲೆ ಡಬ್ಬಿಗಳ ನಡುವೆ ಗಾಳಿ ಆಡುವಂತೆ ಜೋಡಿಸಿದ ಲಸಿಕೆ, ಪಕ್ಕದಲ್ಲಿ ಥರ್ಮಾಮೀಟರ್, ಬಾಗಿಲಿಗೆ ಅಂಟಿಸಿದ ಅಥವಾ ಮೇಲಿಟ್ಟ ಒಂದು ಪಟ್ಟಿ, ಅದರಲ್ಲಿ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬರೆದ ಡಿಗ್ರಿ. ಕೆಳಗಿನ ತರಕಾರಿ ಡಬ್ಬದಲ್ಲಿ ನೀರು ತುಂಬಿದ ಬಾಟಲಿಗಳಿದ್ದರೆ ಕುಡಿಯಲು ಇಟ್ಟಿದ್ದಾರೆ ಅಂದುಕೊಳ್ಳಬೇಡಿ. ಕರೆಂಟ್ ಹೋದಾಗ ಒಳಗಿನ ತಂಪು ಬೇಗ ಇಳಿಯದಂತೆ ಆ ನೀರು ಹಿಡಿದಿಡುತ್ತದೆ. ಅಂಥ ಬಾಟಲಿ ಇಟ್ಟವರು ಕೆಲಸ ಬಲ್ಲವರು. ಅದರ ಬದಲು ಮೊಸರಿನ ಡಬ್ಬಿ, ಕಂಪೌಂಡರನ ಮಧ್ಯಾಹ್ನದ ಬುತ್ತಿ, ತಂಪು ಪಾನೀಯದ ಬಾಟಲಿ ಕಂಡರೆ ಬಾಗಿಲು ದಿನಕ್ಕೆ ಐವತ್ತು ಸಲ ತೆರೆಯುತ್ತದೆ ಎಂದು ಲೆಕ್ಕ. ಬಾಗಿಲಿನ ಹಲಗೆಯಲ್ಲೇ ಲಸಿಕೆ ಇಟ್ಟಿದ್ದರಂತೂ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು. ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿ ಏರಿಳಿಯುವ ಜಾಗ ಅದು.

ಎಲ್ಲರೂ ಬಿಸಿಗೆ ಹೆದರುತ್ತಾರೆ. ಫ್ಲೂ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಹಳೆಯ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಐಸ್ ಗೂಡಿನ ಕೆಳಗಿನ ತಟ್ಟೆಗೆ ಅಥವಾ ಹಿಂದಿನ ಗೋಡೆಗೆ ತಾಗಿಸಿ ಇಟ್ಟ ಡಬ್ಬಿ ರಾತ್ರಿ ಗಟ್ಟಿಯಾಗಿ ಬೆಳಿಗ್ಗೆ ಮತ್ತೆ ಕರಗಿರಬಹುದು. ನೋಡಿದರೆ ಏನೂ ತಿಳಿಯುವುದಿಲ್ಲ. ಕೂಸುಗಳಿಗೆ ಐದು ರೋಗಕ್ಕೆ ಒಂದೇ ಸೂಜಿಯಾಗಿ ಹಾಕುವ ಪೆಂಟಾ, ಧನುರ್ವಾಯು-ಗಂಟಲಮಾರಿಗೆ ಹಾಕುವ ಟಿ.ಡಿ. ಲಸಿಕೆಗಳಿಗೆ ‘ಶೇಕ್ ಟೆಸ್ಟ್’ ಎಂದು ಮಾಡುತ್ತಾರೆ, ಅಲುಗಾಡಿಸಿ ಇಟ್ಟು ಬೇಗ ತಳ ಕಟ್ಟಿದರೆ ಹೆಪ್ಪುಗಟ್ಟಿತ್ತು ಎಂದು ಅರ್ಥ. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣದಿಂದ ಹಾಗೆ ತಳ ಕಟ್ಟುವುದು. ಇಲ್ಲಿ ಸಿಗುವ ಮಾಮೂಲಿ ಫ್ಲೂ ಲಸಿಕೆಯಲ್ಲಿ ಆ ಲವಣ ಇಲ್ಲ, ಹಾಗಾಗಿ ಆ ಪರೀಕ್ಷೆ ಇದಕ್ಕೆ ನಡೆಯದು. ಸರ್ಕಾರಿ ಲಸಿಕೆ ಬಾಟಲಿಯ ಮೇಲೆ ಬಿಸಿ ತಾಗಿದಂತೆ ಬಣ್ಣ ಬದಲಾಗುವ ಚೌಕವಾದರೂ ಇರುತ್ತದೆ. ಖಾಸಗಿ ಫ್ಲೂ ಸಿರಿಂಜಿನ ಮೇಲೆ ಸಾಮಾನ್ಯವಾಗಿ ಅದೂ ಇರುವುದಿಲ್ಲ. ಸಿರಿಂಜು ನೋಡಿ ತೀರ್ಮಾನಿಸಲು ಬರುವುದಿಲ್ಲವಾದ್ದರಿಂದಲೇ ಫ್ರಿಜ್ಜು ನೋಡಿ ತೀರ್ಮಾನಿಸಿ ಅನ್ನುವುದು.

ಇನ್ನು ಮೆಡಿಕಲ್‌ನಿಂದ ಕೊಳ್ಳುವ ದಾರಿ. ಸೂಪರ್ ಮಾರ್ಕೆಟ್, ಕೋರ್ಟ್ ರೋಡ್, ಸೇಡಂ ರೋಡ್ ಕಡೆಯ ದೊಡ್ಡ ಔಷಧ ಅಂಗಡಿಗಳಿಗೆ ಚೀಟಿ ಒಯ್ದರೆ ಲಸಿಕೆ ಸಿಗುತ್ತದೆ, ಇಲ್ಲವೆ ‘ನಾಳಿ ತರಸಿ ಕೊಡ್ತೀವ್ರಿ’ ಅನ್ನುತ್ತಾರೆ. ಅಂಗಡಿಯ ಫ್ರಿಜ್ಜು ಚೆನ್ನಾಗಿಯೇ ಇರಬಹುದು, ಇನ್ಸುಲಿನ್ ಮಾರುವವರಿಗೆ ಆ ಶಿಸ್ತು ಇರುತ್ತದೆ. ಎಡವಟ್ಟಾಗುವುದು ಅಂಗಡಿ ಕಟ್ಟೆ ಇಳಿದ ಮೇಲೆ. ತೆಳು ಪ್ಲಾಸ್ಟಿಕ್ ಚೀಲ, ಒಳಗೆ ಫ್ರೀಜರ್‌ನಿಂದ ಆಗಷ್ಟೇ ತೆಗೆದ ಕಲ್ಲಿನಂಥ ಜೆಲ್ ಪ್ಯಾಕು, ಅದಕ್ಕೆ ನೇರ ತಾಗಿಕೊಂಡ ಸಿರಿಂಜಿನ ಡಬ್ಬಿ. ಹತ್ತು ನಿಮಿಷ ಒಂದು ಬದಿ ಹೆಪ್ಪುಗಟ್ಟುವ ಭಯ, ಆಮೇಲೆ ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೇಯುವ ಭಯ. ಅದರ ಮೇಲೆ ಕ್ಲಿನಿಕ್ಕಿನಲ್ಲಿ ಪಾಳಿ ಬರುವತನಕ ಮಡಿಲಲ್ಲಿಟ್ಟುಕೊಂಡು ಒಂದು ತಾಸು ಕೂರುವುದು.

ಈ ದಾರಿ ಬಿಟ್ಟರೆ ಗತಿ ಇಲ್ಲ ಅನ್ನುವವರು ಹೀಗೆ ಮಾಡಿ. ಮೊದಲು ಚುಚ್ಚುವವರು ಜಾಗದಲ್ಲಿದ್ದಾರೆಯೇ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಲಸಿಕೆ ಕೊಳ್ಳಿ. ಜೆಲ್ ಪ್ಯಾಕು ಫ್ರೀಜರ್‌ನಿಂದ ತೆಗೆದು ಹೊರಗಿಟ್ಟು ಮೈಮೇಲೆ ಬೆವರು ಬರಲಿ. ನೀರು ತುಂಬಿದ ಐಸ್ ಪ್ಯಾಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರು ಕುಲುಕಿದ ಸದ್ದು ಬಂದಾಗಲೇ ಅದು ತಯಾರು. ಪೋಲಿಯೊ ಡಬ್ಬಿ ಹೊತ್ತು ಓಡಾಡುವ ಆರೋಗ್ಯ ಇಲಾಖೆಯ ಕಾರ್ಯಕರ್ತೆಯರು ಪೆಂಟಾ ಒಯ್ಯುವಾಗಲೂ ಇದನ್ನೇ ಮಾಡುತ್ತಾರೆ. ಪ್ಯಾಕಿಗೂ ಲಸಿಕೆ ಡಬ್ಬಿಗೂ ನಡುವೆ ಹಳೆ ಪೇಪರಿನ ಎರಡು ಮೂರು ಮಡಿಕೆ, ಎಲ್ಲ ಸೇರಿಸಿ ಮುಚ್ಚಳವಿರುವ ಥರ್ಮೋಕೋಲ್ ಡಬ್ಬಿಯಲ್ಲಿ. ಅರ್ಧ ತಾಸಿನೊಳಗೆ ತೋಳಿಗೆ ಇಳಿಯಬೇಕು. ಮನೆಯ ಫ್ರಿಜ್ಜಿನಲ್ಲಿ ಇಟ್ಟು ನಾಳೆ ಹಾಕಿಸೋಣ ಅನ್ನುವ ಮಾತೇ ಬೇಡ. ಒಮ್ಮೆ ಹೊರಬಿದ್ದ ಲಸಿಕೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು. ಹಾಗೆ ವಾಪಸ್ ತೆಗೆದುಕೊಳ್ಳುವ ಅಂಗಡಿ ಸಿಕ್ಕರೆ ಅಲ್ಲಿ ಲಸಿಕೆ ಕೊಳ್ಳಬೇಡಿ, ನಿಮಗೆ ಕೊಟ್ಟದ್ದೂ ಯಾರೋ ವಾಪಸ್ ತಂದದ್ದೇ ಇರಬಹುದು.

ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಸೇಡಂ ಕಡೆಯವರು ಕಲಬುರಗಿಗೆ ಬಂದು ಲಸಿಕೆ ಕೊಂಡು ಬಸ್ಸಿನಲ್ಲಿ ಊರಿಗೆ ಒಯ್ಯುವುದುಂಟು. ಅಷ್ಟು ದೂರ ಬಂದಮೇಲೆ ತೋಳನ್ನೇ ಫ್ರಿಜ್ಜಿನ ಹತ್ತಿರ ಒಯ್ಯುವುದು ಜಾಣತನ. ಅಜ್ಜಿಗೆ ಬರಲು ಆಗದಿದ್ದರೆ ತಾಲ್ಲೂಕಿನಲ್ಲಿಯೇ ಮಕ್ಕಳಿಗೆ ಲಸಿಕೆ ಹಾಕುವ ಡಾಕ್ಟರಿಗೆ ಹೇಳಿ ತರಿಸಿಕೊಳ್ಳಿ, ಅವರ ಮಾಲು ತಂಪಿನ ಡಬ್ಬಿಯಲ್ಲೇ ಬರುತ್ತದೆ.

ದೊಡ್ಡ ಖಾಸಗಿ ದವಾಖಾನೆಗಳ ಲಸಿಕೆ ಕೋಣೆಗೆ ಎರಡನೇ ಜಾಗ. ತಂಪಿನ ವ್ಯವಸ್ಥೆ ಬಹುಶಃ ಎಲ್ಲಕ್ಕಿಂತ ಗಟ್ಟಿ, ಮೇಲಿನಿಂದ ಮುಚ್ಚಳ ತೆರೆಯುವ ಐಸ್ ಗೋಡೆಯ ಫ್ರಿಜ್ಜು ಇದ್ದರೆ ಗಂಟೆಗಟ್ಟಲೆ ಕರೆಂಟ್ ಇಲ್ಲದಿದ್ದರೂ ಒಳಗಿನ ತಂಪು ಇಳಿಯುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ತುರ್ತು ವಿಭಾಗ ಅಲ್ಲೇ ಕೆಳಗಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಡಯಾಲಿಸಿಸ್ ಇರುವವರಿಗೆ, ಹಿಂದೆ ಯಾವುದೋ ಇಂಜೆಕ್ಷನ್‌ಗೆ ಮೈ ಊದಿಕೊಂಡಿದ್ದವರಿಗೆ ಇದೇ ಮೊದಲ ಆಯ್ಕೆ ಆಗಬೇಕು. ಬೇಸರವೆಂದರೆ ಅಲ್ಲಿನ ಸುತ್ತಾಟ: ನೋಂದಣಿ ಚೀಟಿ, ಡಾಕ್ಟರ ಕನ್ಸಲ್ಟೇಶನ್, ಕೌಂಟರಿನಲ್ಲಿ ಹಣ, ಕೆಳಗಿನ ಔಷಧ ಅಂಗಡಿಯಿಂದ ಲಸಿಕೆ, ಮತ್ತೆ ಮೇಲೆ ಸಿಸ್ಟರ್ ಹತ್ತಿರ. ಅರ್ಧ ಎಂ.ಎಲ್. ಗೆ ಅರ್ಧ ದಿನ. ಒಳಗಿನ ಔಷಧ ಅಂಗಡಿಯಿಂದ ಲಸಿಕೆ ಕೋಣೆಗೆ ರೋಗಿಯ ಕೈಲೇ ಕಳಿಸುವ ಪದ್ಧತಿ ಇದ್ದರೆ, ಹಣ ಕಟ್ಟುವಾಗಲೇ ‘ಪಾಳಿ ಬಂದ ಮ್ಯಾಲ ಬಂದು ಒಯ್ತೀವಿ’ ಅಂತ ಹೇಳಿ ಲಸಿಕೆಯನ್ನು ಅಲ್ಲೇ ಬಿಟ್ಟು ಹೋಗಿ.

ಮನೆಗೆ ಬಂದು ಹಾಕುವ ಸೇವೆಗೆ ಕೊನೆಯ ಜಾಗ ಕೊಡಲು ಮನಸ್ಸಿಲ್ಲ. ಹಾಸಿಗೆ ಹಿಡಿದವರಿಗೆ ಅದೇ ದಿಕ್ಕು. ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಲಸಿಕೆ ಯಾವ ಡಬ್ಬಿಯಲ್ಲಿ ತರುತ್ತೀರಿ, ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಜೊತೆಗಿರುತ್ತದಾ, ಚುಚ್ಚಿದ ಮೇಲೆ ಎಷ್ಟು ಹೊತ್ತು ಕೂರುತ್ತೀರಿ. ಮೂರನೇ ಪ್ರಶ್ನೆಗೆ ಹೆಚ್ಚಿನವರು ತಡವರಿಸುತ್ತಾರೆ, ಮುಂದಿನ ಮನೆಯ ಬುಕಿಂಗ್ ಇರುತ್ತದಲ್ಲ. ಬಂದವರು ಬೆನ್ನಿನ ಬ್ಯಾಗಿನಿಂದ ನೇರ ಸಿರಿಂಜು ತೆಗೆದರೆ ಚಹಾ ಕುಡಿಸಿ ಕಳಿಸಿಬಿಡಿ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಸಿಗುತ್ತದಾ ಎಂದು ಕೇಳುವವರು ಬಹಳ. ಫ್ಲೂ ಲಸಿಕೆ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಆದ್ದರಿಂದ ಅಂಗನವಾಡಿಯಲ್ಲಾಗಲಿ ಪಿ.ಎಚ್.ಸಿ.ಯಲ್ಲಾಗಲಿ ಇದು ಸಿಗುವುದಿಲ್ಲ, ಅಲ್ಲಿನ ಸಿಸ್ಟರ್ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಇಲ್ಲೇ ಇನ್ನೊಂದು ಗೊಂದಲವೂ ಹುಟ್ಟುತ್ತದೆ. ತಾಯಿ ಕಾರ್ಡಿನಲ್ಲಿರುವ ಪೆಂಟಾ ಲಸಿಕೆಯಲ್ಲಿ ‘ಹಿಬ್’ ಸೇರಿರುತ್ತದೆ, ಬಿಡಿಸಿ ಹೇಳಿದರೆ ಹೀಮೋಫಿಲಸ್ ಇನ್‌ಫ್ಲುಯೆಂಜಾ ಬಿ. ಹೆಸರಿನಲ್ಲಿ ಇನ್‌ಫ್ಲುಯೆಂಜಾ ಇದೆಯೆಂದು ‘ನಮ್ಮ ಕೂಸಿಗೆ ಆಗ್ಯದ ಬಿಡ್ರಿ’ ಅನ್ನುತ್ತಾರೆ. ಅದು ಬ್ಯಾಕ್ಟೀರಿಯಾ. 1892ರಲ್ಲಿ ಫ್ಲೂ ಬರುವುದು ಇದರಿಂದಲೇ ಎಂದು ತಪ್ಪು ತಿಳಿದು ಇಟ್ಟ ಹೆಸರು ಹಾಗೇ ಉಳಿದಿದೆ. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ. ಪೆಂಟಾ ಹಾಕಿಸಿದ ಮಗುವಿಗೂ ಫ್ಲೂ ಲಸಿಕೆ ಬೇರೆಯೇ ಬೇಕು. ಹಂದಿಜ್ವರದ ಸೂಜಿ ಬೇರೆ ಇದೆಯಾ ಅಂದರೆ ಇಲ್ಲ, 2009ರ ಎಚ್1ಎನ್1 ತಳಿ ಮಾಮೂಲಿ ಫ್ಲೂ ಲಸಿಕೆಯೊಳಗೇ ಸೇರಿದೆ.

ಯಾವಾಗ ಹಾಕಿಸಬೇಕು ಎನ್ನುವುದು ಎಲ್ಲಿ ಹಾಕಿಸಬೇಕು ಎನ್ನುವಷ್ಟೇ ಮುಖ್ಯ, ಮತ್ತು ಇಲ್ಲಿ ಅಂಗಡಿಯವರ ಮಾತಿಗಿಂತ ಡಬ್ಬಿಯ ಮೇಲಿನ ಬರಹವನ್ನು ನಂಬಬೇಕು. ನಮ್ಮ ದೇಶದಲ್ಲಿ ಫ್ಲೂ ಎರಡು ಸಲ ಏಳುತ್ತದೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ವರ್ಷಕ್ಕೆ ಎರಡು ಸಲ ಹೇಳುತ್ತದೆ: ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಅದರಂತೆ ತಯಾರಾಗುವ ದಕ್ಷಿಣದ ಮಾಲು ಬೇಸಿಗೆಯ ಹೊತ್ತಿಗೆ, ಉತ್ತರದ ಮಾಲು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ನಮ್ಮ ಕಡೆ ಬರುತ್ತದೆ. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಮಳೆಗಾಲದ ರಕ್ಷಣೆಗೆ ಕಾರಹುಣ್ಣಿಮೆಯೊಳಗೆ, ಥಂಡಿಗೆ ದಸರೆಯ ಆಸುಪಾಸು. ಚುಚ್ಚಿದ ಮೇಲೆ ಮೈ ಸಜ್ಜಾಗಲು ಎರಡು ವಾರ ಬೇಕು. ದೀಪಾವಳಿ ಕಳೆದು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಭಜ್ಜಿ ಬುತ್ತಿ ಹೊರುವ ಹೊತ್ತಿಗೆ ಮೈ ತಯಾರಿರುತ್ತದೆ. ಥಂಡಿ ಹೆಚ್ಚು ಬೀಳುವ ಬೀದರಿನವರೂ ಇದೇ ಲೆಕ್ಕ ಇಟ್ಟುಕೊಳ್ಳಬಹುದು. ಡಿಸೆಂಬರಿನಲ್ಲಿ ನೆನಪಾದರೆ ಆಗಲೂ ಹಾಕಿಸಿಕೊಳ್ಳಿ, ಜನವರಿ-ಮಾರ್ಚ್ ಏರಿಕೆ ಇನ್ನೂ ಮುಂದಿರುತ್ತದೆ. ಜೂನ್‌ನಲ್ಲಿ ಹಾಕಿಸಿಕೊಂಡವರು ಅಕ್ಟೋಬರಿನಲ್ಲಿ ಮತ್ತೆ ಓಡಬೇಕಿಲ್ಲ, ವರ್ಷಕ್ಕೊಂದು ಸಾಕು.

ಅಂಗಡಿಯಲ್ಲಿ ಎಡವುವ ಜಾಗ ಸೆಪ್ಟೆಂಬರ್. ಕಳೆದ ವರ್ಷದ ಮಾಲು ಮುಗಿದಿರುವುದಿಲ್ಲ, ಹೊಸದು ಬಂದಿರುವುದಿಲ್ಲ. ‘ಎಕ್ಸ್‌ಪೈರಿ ಇನ್ನೂ ಅದರಿ’ ಅನ್ನುತ್ತಾರೆ. ತಾರೀಖು ನಿಜವೇ ಇರಬಹುದು, ಒಳಗಿನ ತಳಿ ಹಳೆಯದಿರಬಹುದು. ಡಬ್ಬಿಯ ಮೇಲೆ ಯಾವ ವರ್ಷದ, ಯಾವ ಗೋಳಾರ್ಧದ ಮಾಲೆಂದು ಅಚ್ಚಾಗಿರುತ್ತದೆ, ಇಂಗ್ಲಿಷಿನಲ್ಲಿ ಎನ್.ಎಚ್. (ಉತ್ತರ) ಅಥವಾ ಎಸ್.ಎಚ್. (ದಕ್ಷಿಣ) ಎಂದು ಚಿಕ್ಕದಾಗಿ. ಅದರ ಕೆಳಗೋ ಒಳಗಿನ ಹಾಳೆಯಲ್ಲೋ ತಳಿಗಳ ಹೆಸರು. ‘ಎ/ಕ್ರೊಯೇಷಿಯಾ/10136ಆರ್‌ವಿ/2023 (ಎಚ್3ಎನ್2)’ ಎಂದರೆ ಎ ಜಾತಿಯ ವೈರಸ್, ಸಿಕ್ಕ ಜಾಗ ಕ್ರೊಯೇಷಿಯಾ, ಮಾದರಿ ನಂಬರು, ಸಿಕ್ಕ ವರ್ಷ 2023, ಕೊನೆಗೆ ಒಳಜಾತಿ. 2025ರ ದಕ್ಷಿಣ ಮಾಲಿಗೂ 2025–26ರ ಉತ್ತರ ಮಾಲಿಗೂ ಮೊಟ್ಟೆಯಲ್ಲಿ ಬೆಳೆಸುವ ಲಸಿಕೆಗೆ ಶಿಫಾರಸಾದ ಮೂರು ತಳಿ ಒಂದೇ ಆಗಿದ್ದವು: ಎ/ವಿಕ್ಟೋರಿಯಾ/4897/2022, ಈ ಕ್ರೊಯೇಷಿಯಾ, ಮತ್ತೆ ಬಿ/ಆಸ್ಟ್ರಿಯಾ/1359417/2021. ಆ ವರ್ಷ ಅಕ್ಟೋಬರಿನಲ್ಲಿ ದಕ್ಷಿಣದ ಡಬ್ಬಿ ಕೈಗೆ ಬಂದರೂ ನಷ್ಟವಿರಲಿಲ್ಲ. ಎಲ್ಲ ವರ್ಷವೂ ಹೀಗಿರುವುದಿಲ್ಲ, ಅದಕ್ಕೇ ಓದಿ ನೋಡುವುದು.

ಮೂರು ತಳಿಯೋ ನಾಲ್ಕು ತಳಿಯೋ ಎನ್ನುವ ಚೌಕಾಶಿ ಬಿಟ್ಟುಬಿಡಿ. ನಾಲ್ಕನೆಯದಾಗಿದ್ದ ಬಿ/ಯಮಗಾಟ ಎಂಬ ತಳಿ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಕಂಡಿಲ್ಲ. ಅದನ್ನು ಲಸಿಕೆಯಲ್ಲಿ ಇಡುವ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಸೆಪ್ಟೆಂಬರಿನಲ್ಲೇ ಹೇಳಿದೆ. ‘ನಾಕರದು ಜಾಸ್ತಿ ಪವರ್ ಅದರಿ’ ಎಂದು ಯಾರಾದರೂ ಹೆಚ್ಚು ಹಣ ಕೇಳಿದರೆ ಆ ಹೆಚ್ಚಿನ ಹಣ ಕಾಣದ ವೈರಸ್ಸಿಗೆ ಹೋಗುತ್ತದೆ. ವ್ಯಾಕ್ಸಿಗ್ರಿಪ್, ಇನ್‌ಫ್ಲುವ್ಯಾಕ್, ಫ್ಲೂಆರಿಕ್ಸ್, ವ್ಯಾಕ್ಸಿಫ್ಲೂ ಎಂಬ ಹೆಸರುಗಳು ಚೀಟಿಯಲ್ಲಿ ಕಾಣುತ್ತವೆ. ಇವುಗಳಲ್ಲಿ ಇದೇ ಬೇಕೆಂದು ಹಟ ಹಿಡಿಯಲು ಕಾರಣವಿಲ್ಲ. ಸರಿಯಾದ ವರ್ಷದ್ದು, ತಂಪು ಕೆಡದ್ದು ಯಾವುದು ಸಿಕ್ಕರೂ ಆದೀತು.

ಬೆಲೆ. ಡಬ್ಬಿಯ ಎಂ.ಆರ್.ಪಿ. ಕಂಪನಿಯ ಮೇಲೆ ಹೋಗಿ ಸುಮಾರು ಸಾವಿರದ ಐನೂರರಿಂದ ಎರಡೂವರೆ ಸಾವಿರದ ಆಸುಪಾಸು ಇರುತ್ತದೆ. ಅದರಲ್ಲಿ ತೆರಿಗೆ ಸೇರಿರುತ್ತದೆ, ಮೇಲೆ ಬೇರೆ ಕೊಡುವಂತಿಲ್ಲ. ಚುಚ್ಚುವ ಚಾರ್ಜು, ಡಾಕ್ಟರ ಫೀಸು ಬೇರೆ. ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿದರೆ ಬಿಡಿಸಿ ಕೇಳಿ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಇರಲೇಬೇಕು. ಮನೆಯಲ್ಲಿ ಐದು ಮಂದಿ ಇದ್ದರೆ ಒಟ್ಟಿಗೆ ಹೋಗಿ, ಒಂದೇ ಸಲಕ್ಕೆ ಐದು ಸಿರಿಂಜು ಎಂದರೆ ಅಂಗಡಿಯವರೂ ಕ್ಲಿನಿಕ್ಕಿನವರೂ ಎಂ.ಆರ್.ಪಿ.ಯಲ್ಲಿ ಸ್ವಲ್ಪ ಬಿಡುವುದುಂಟು. ಹಣ ಸಾಲದೆಂದರೆ ಯಾರಿಗೆ ಮೊದಲು? ಬಸುರಿ, ಆರು ತಿಂಗಳಿಂದ ಐದು ವರ್ಷದ ಮಗು, ಅರವತ್ತೈದು ದಾಟಿದವರು, ಉಬ್ಬಸ, ಸಕ್ಕರೆ, ಹೃದಯ-ಮೂತ್ರಪಿಂಡದ ಕಾಯಿಲೆ ಇರುವವರು, ದವಾಖಾನೆಯಲ್ಲಿ ಕೆಲಸ ಮಾಡುವವರು. ಬಸುರಿಗೆ ಯಾವ ತಿಂಗಳಲ್ಲಿ ಹಾಕಿಸಿದರೂ ನಡೆಯುತ್ತದೆ, ಹುಟ್ಟುವ ಕೂಸಿಗೂ ಮೊದಲ ಕೆಲವು ತಿಂಗಳ ರಕ್ಷಣೆ ತಾಯಿಯಿಂದಲೇ ಹೋಗುತ್ತದೆ. ಒಂದು ಸಿರಿಂಜು ಕೊಂಡು ಎರಡು ಮಕ್ಕಳಿಗೆ ಹಂಚುವುದು ಮಾತ್ರ ಯಾವ ಲೆಕ್ಕದಲ್ಲೂ ಸಲ್ಲದು.

ಕುರ್ಚಿಯಲ್ಲಿ ಕೂತ ಮೇಲೆ ನೋಡಬೇಕಾದದ್ದು. ‘ಸಿಸ್ಟರ್, ಚುಚ್ಚೂಕಿಂತ ಮೊದ್ಲ ಡಬ್ಬಿ ತೋರಸ್ರಿ’ ಎಂದು ಕೇಳುವುದಕ್ಕೆ ನಾಚಿಕೆ ಬೇಡ, ಫೋನಿನಲ್ಲಿ ಡಬ್ಬಿಯ ಫೋಟೊ ತೆಗೆದುಕೊಳ್ಳಿ. ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಮಾಮೂಲಿ ಬಿಸುಪಿಗೆ ತಂದು, ಅಲ್ಲಾಡಿಸಿ ಚುಚ್ಚಬೇಕು. ಐಸ್‌ನಂತೆ ತಣ್ಣಗಿದ್ದದ್ದನ್ನು ಹಾಗೇ ಇಳಿಸಿದರೆ ನೋವು ಜಾಸ್ತಿ. ದ್ರವ ತಿಳಿಯಾಗಿ ಅಥವಾ ತುಸು ಮಬ್ಬಾಗಿರಬೇಕು. ತುಣುಕು ತೇಲುತ್ತಿದ್ದರೆ, ಬಣ್ಣ ಬದಲಾಗಿದ್ದರೆ ಬೇಡ ಅನ್ನಿ. ಸ್ಪಿರಿಟ್ ಒರೆಸಿದ ಮೇಲೆ ಅದು ಆರುವತನಕ ಕಾಯಬೇಕು, ಒದ್ದೆಯಲ್ಲೇ ಚುಚ್ಚಿದರೆ ಉರಿಯುತ್ತದೆ.

ಜಾಗ ಭುಜದ ಎಲುಬಿನ ತುದಿಯಿಂದ ಎರಡು ಮೂರು ಬೆರಳು ಕೆಳಗೆ, ತೋಳಿನ ಹೊರಮೈಯ ಮಾಂಸದಲ್ಲಿ. ಇದರಲ್ಲಿ ಅವಸರ ಮಾಡುವವರು ಬಹಳ. ಬಿಗಿ ತೋಳಿನ ಕುಪ್ಪಸ, ಫುಲ್ ಶರ್ಟು ಹಾಕಿಕೊಂಡು ಹೋದರೆ ಬಟ್ಟೆ ಅರ್ಧ ಮೇಲೆ ಸರಿಸಿ ಅಥವಾ ಕೊರಳ ಕಡೆಯಿಂದ ಕೆಳಗೆ ಎಳೆದು ಸಿಕ್ಕಷ್ಟು ಜಾಗದಲ್ಲಿ ಚುಚ್ಚುತ್ತಾರೆ. ಕೊರಳ ಕಡೆಯಿಂದ ಎಳೆದಾಗ ಸೂಜಿ ಬೀಳುವುದು ತೀರಾ ಮೇಲೆ, ಕೀಲಿನ ಹತ್ತಿರ. ಹಾಗಾದರೆ ತಿಂಗಳುಗಟ್ಟಲೆ ಕೈ ಎತ್ತಲು ಬಾರದಷ್ಟು ಭುಜ ನೋಯಬಹುದು. ಲಸಿಕೆಗೆ ಬಂದ ಕೆಟ್ಟ ಹೆಸರಿನ ಒಂದು ಪಾಲು ಈ ತಪ್ಪು ಜಾಗದ್ದು. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ, ಪೂರ್ತಿ ಮೇಲಕ್ಕೆ ಸುತ್ತಿ, ಚುಚ್ಚುವವರೂ ಕೂತೇ ಚುಚ್ಚಲಿ. ವರ್ಷದೊಳಗಿನ ಕೂಸಿಗೆ ತೊಡೆಯ ಮುಂಭಾಗದ ಹೊರಬದಿ. ಕುಂಡಿಗೆ ಯಾರಿಗೂ ಬೇಡ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿಸಿದ ಕೈಗೆ ಬೇಡ, ಇನ್ನೊಂದು ಕೈಗೆ ಹಾಕಿಸಿ. ರಕ್ತ ತೆಳುವಾಗುವ ಗುಳಿಗೆ ತಿನ್ನುವವರು ಮೊದಲೇ ಹೇಳಿ. ಸಣ್ಣ ಸೂಜಿ ಬಳಸಿ, ಆಮೇಲೆ ಹತ್ತಿ ಇಟ್ಟು ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ತಿಕ್ಕಬಾರದು.

ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅರ್ಧ ಸಿರಿಂಜು ಚೆಲ್ಲಿ ಕಾಲು ಎಂ.ಎಲ್. ಹಾಕುವ ಹಳೆಯ ರೂಢಿ ಕೆಲವು ಕಡೆ ಇನ್ನೂ ಇದೆ. ಮೊದಲು ಲೆಕ್ಕ ಹಾಗೇ ಇತ್ತು. ಈಗ ಇಲ್ಲಿ ಹೆಚ್ಚಾಗಿ ಸಿಗುವ ಲಸಿಕೆಗಳಲ್ಲಿ ಆ ವಯಸ್ಸಿಗೂ ಪೂರ್ತಿ ಅರ್ಧ ಎಂ.ಎಲ್. ಡಬ್ಬಿಯೊಳಗಿನ ಹಾಳೆ ಬಿಡಿಸಿ ತೋರಿಸಿದರೆ ವಾದ ಮುಗಿಯುತ್ತದೆ.

ಚುಚ್ಚಿದ ತಕ್ಷಣ ಎದ್ದು ಗಾಡಿ ಕಿಕ್ ಹೊಡೆಯುವುದು ನಮ್ಮ ಕಡೆಯ ದೊಡ್ಡ ಚಟ. ಕನಿಷ್ಠ 15 ನಿಮಿಷ, ಹಿಂದೆ ಅಲರ್ಜಿ ಆಗಿದ್ದವರು 30 ನಿಮಿಷ ಅಲ್ಲೇ ಕೂರಬೇಕು. ತೀವ್ರ ಅಲರ್ಜಿ ಅಪರೂಪ, ಬಂದರೆ ಬರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ: ಮೈ ತುಂಬ ದದ್ದು, ತುಟಿ-ನಾಲಿಗೆ ಊತ, ಉಸಿರು ಕಟ್ಟುವುದು. ದೊಡ್ಡವರಿಗೆ ಅದಕ್ಕೆ ಔಷಧ ತೊಡೆಯ ಮಾಂಸಕ್ಕೆ ಅರ್ಧ ಎಂ.ಎಲ್. ಅಡ್ರಿನಲಿನ್ (1:1000), ಜೊತೆಗೆ 108. ಅಡ್ರಿನಲಿನ್ ಇಲ್ಲದ ಜಾಗದಲ್ಲಿ ಲಸಿಕೆ ಹಾಕಿಸಿಕೊಳ್ಳಬೇಡಿ. ಆ ಒಂದು ಆಂಪೂಲಿನ ಬೆಲೆ ಲಸಿಕೆಯ ಬೆಲೆಯ ಮುಂದೆ ಏನೂ ಅಲ್ಲ, ಇಡದಿರುವುದಕ್ಕೆ ನೆಪವೇ ಇಲ್ಲ. ಹದಿಹರೆಯದ ಹುಡುಗರು ಸೂಜಿ ಕಂಡೇ ಕಣ್ಣು ಕತ್ತಲೆ ಬಂದು ಬೀಳುವುದು ಇದಕ್ಕಿಂತ ಹೆಚ್ಚು. ಅವರನ್ನು ಮಲಗಿಸಿ ಕಾಲು ಎತ್ತಿಟ್ಟರೆ ಸಾಕು. ರಾತ್ರಿ ತೋಳು ನೋವು, ಮೈ ಬೆಚ್ಚಗಾಗುವುದು, ಒಂದೆರಡು ದಿನ ಸುಸ್ತು ಮಾಮೂಲಿ. ‘ಸೂಜಿಯಿಂದ್ಲೇ ಫ್ಲೂ ಬಂತು’ ಎನ್ನುವುದು ಆಗದ ಮಾತು, ಒಳಗೆ ಇರುವುದು ಸತ್ತ ವೈರಸ್ಸಿನ ತುಣುಕು. ಮೂಗಿಗೆ ಬಿಡುವ ಲಸಿಕೆ ಮಾತ್ರ ಬಲ ಕುಗ್ಗಿಸಿದ ಜೀವಂತ ವೈರಸ್ಸಿನದು, ಬಸುರಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಬೇಡ. ಈಗಾಗಲೇ ಜೋರು ಜ್ವರ ಇದ್ದರೆ ಇಳಿದ ಮೇಲೆ ಬನ್ನಿ, ಬರೀ ನೆಗಡಿ ಇದ್ದರೆ ಅಡ್ಡಿಯಿಲ್ಲ. ಹಿಂದೆ ಇದೇ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದವರಿಗೆ ಕೂಡದು. ಹಿಂದೆ ಫ್ಲೂ ಲಸಿಕೆ ಹಾಕಿಸಿಕೊಂಡ ಆರು ವಾರದೊಳಗೆ ಗಿಯನ್-ಬಾರೆ ಎಂಬ, ಕೈಕಾಲಿನ ಬಲ ಕುಂದಿಸುವ ನರದ ಕಾಯಿಲೆ ಬಂದಿದ್ದವರು ಡಾಕ್ಟರಿಗೆ ಹೇಳದೆ ತೋಳು ಒಡ್ಡಬಾರದು.

ಶರಣರ ಊರಿನಲ್ಲಿ ಕೇಳಲೇಬೇಕಾದ, ಆದರೆ ಕೌಂಟರಿನಲ್ಲಿ ಯಾರೂ ಸರಿಯಾಗಿ ಉತ್ತರ ಕೊಡದ ಪ್ರಶ್ನೆ ಮೊಟ್ಟೆಯದು. ಹೌದು, ಇಲ್ಲಿ ಸಿಗುವ ಹೆಚ್ಚಿನ ಫ್ಲೂ ಲಸಿಕೆಗೆ ವೈರಸ್ ಬೆಳೆಸುವುದು ಕೋಳಿ ಮೊಟ್ಟೆಯೊಳಗೆ. ಆಮೇಲೆ ಶುದ್ಧ ಮಾಡುತ್ತಾರೆ, ಮೊಟ್ಟೆಯ ಪ್ರೋಟೀನು ಲೆಕ್ಕಕ್ಕೆ ಸಿಗದಷ್ಟು ಉಳಿಯುತ್ತದೆ. ಮೊಟ್ಟೆ ಅಲರ್ಜಿ ಇರುವವರಿಗೂ ಈಗ ಅಡ್ಡಿ ಹೇಳುವುದಿಲ್ಲ, ತುರ್ತು ವ್ಯವಸ್ಥೆ ಇರುವಲ್ಲಿ ಹಾಕಿಸಿಕೊಂಡರಾಯಿತು. ಮೊಟ್ಟೆ ಮುಟ್ಟದ ಮನೆಯವರು ಮಾತ್ರ ಇದನ್ನು ತಿಳಿದೇ ನಿರ್ಧರಿಸಲಿ, ‘ಇಲ್ರಿ, ಅಂಥಾದ್ದೇನಿಲ್ಲ’ ಎನ್ನುವ ಅಂಗಡಿಯವನ ಸುಳ್ಳಿನ ಮೇಲಲ್ಲ.

ಲಸಿಕೆ ಕವಚವಲ್ಲ. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಫ್ಲೂನಿಂದ ಡಾಕ್ಟರ ಹತ್ತಿರ ಹೋಗಬೇಕಾಗುವ ಅಪಾಯ ನೂರಕ್ಕೆ 40ರಿಂದ 60ರಷ್ಟು ತಗ್ಗುತ್ತದೆ. ಬಂದರೂ ದವಾಖಾನೆ ಸೇರುವ ಮಟ್ಟಕ್ಕೆ ಹೋಗುವುದು ಕಡಿಮೆ. ಫ್ಲೂ ಅಲ್ಲದ ನೆಗಡಿ, ತೊಗರಿ ರಾಶಿಯ ಹೊಟ್ಟಿನ ದೂಳಿಗೆ ಬರುವ ಕೆಮ್ಮು ಇದರಿಂದ ನಿಲ್ಲುವುದಿಲ್ಲ. ಆ ಕೆಮ್ಮು ಕಂಡು ‘ಎರಡು ಸಾವಿರ ದಂಡ ಆತು’ ಎಂದು ಲಸಿಕೆಯನ್ನು ಬೈಯುವುದು ಸರಿಯಲ್ಲ. ಹಾಕಿಸಿಕೊಂಡವರಿಗೂ ಜೋರು ಜ್ವರದ ಜೊತೆ ಏದುಸಿರು, ಎದೆನೋವು, ಮಂಪರು ಬಂದರೆ ಕಾಯಬಾರದು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ದೊಡ್ಡ ದವಾಖಾನೆಗಳಿವೆ. ಒಸೆಲ್ಟಾಮಿವಿರ್ ಎಂಬ ಗುಳಿಗೆಯನ್ನು ಡಾಕ್ಟರು ಬರೆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಜ್ವರ ಶುರುವಾದ 48 ತಾಸಿನೊಳಗೆ ಶುರುಮಾಡಿದಾಗ.

ಒಂಬತ್ತು ವರ್ಷದೊಳಗಿನ ಮಗುವಿಗೆ ಇದೇ ಮೊದಲ ಸಲ ಹಾಕಿಸುವುದಾದರೆ ಒಂದು ಡೋಸು ಸಾಲದು, ನಾಲ್ಕು ವಾರ ಬಿಟ್ಟು ಎರಡನೆಯದು ಬೇಕು. ಮುಂದಿನ ವರ್ಷದಿಂದ ಒಂದೊಂದೇ. ಈ ಎರಡನೇ ಡೋಸಿನ ದಿನ ಕ್ಲಿನಿಕ್ಕಿನಲ್ಲಿ ‘ಸ್ಟಾಕ್ ಇಲ್ರಿ, ಮುಂದಿನ ವಾರ ಬರ್ರಿ’ ಎಂದು ತಿರುಗಿಸಿ ಕಳಿಸುವುದು ಪ್ರತಿ ವರ್ಷದ ಗೋಳು. ಮೊದಲ ಡೋಸಿನ ದಿನವೇ ಎರಡನೆಯದಕ್ಕೆ ಮಗುವಿನ ಹೆಸರು ಬರೆಸಿ, ಬೇಕಾದರೆ ಮುಂಗಡ ಕೊಟ್ಟು ರಸೀತಿ ತೆಗೆದುಕೊಳ್ಳಿ. ಅದೇ ಕಂಪನಿಯದು ಸಿಗದಿದ್ದರೆ ಅದೇ ಋತುವಿನ ಬೇರೆ ಕಂಪನಿಯದು ನಡೆಯುತ್ತದೆ. ನಾಲ್ಕು ವಾರಕ್ಕಿಂತ ತಡವಾದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಸಿಕ್ಕ ದಿನ ಹಾಕಿಸಿದರೆ ಆಯಿತು. ನಾಲ್ಕು ವಾರ ತುಂಬುವ ಮೊದಲು ಮಾತ್ರ ಬೇಡ. ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ ತಾರೀಖು, ಲಸಿಕೆಯ ಹೆಸರು, ಬ್ಯಾಚ್ ನಂಬರ್, ಯಾವ ತೋಳು ಅಥವಾ ತೊಡೆ ಎಂದು ಬರೆಸಿ ಕ್ಲಿನಿಕ್ಕಿನ ಸಿಕ್ಕಾ ಹಾಕಿಸಿಕೊಳ್ಳಿ. ಕೆಲವು ಸಿರಿಂಜಿನ ಮೇಲೆ ಕಿತ್ತು ಅಂಟಿಸುವ ಚೀಟಿಯೇ ಇರುತ್ತದೆ, ಕಸದ ಬುಟ್ಟಿಗೆ ಬೀಳುವ ಮೊದಲು ಕೇಳಿ ಇಸಿದುಕೊಳ್ಳಿ.